ಕುಮುದಿನಿ ಅಕ್ಕನ ಪರೀಕ್ಷೆ

ಕುಮುದಿನಿ ಅಕ್ಕನನ್ನು ನಾನು ಮೊದಲು ಕಂಡದ್ದು ಬೆಳ್ಳಾರೆಯ ಜೆರಾಕ್ಸ್ ಅಂಗಡಿಯಲ್ಲಿ. ಮನೆಯಲ್ಲೇ ಕುಳಿತು ಟೈಪಿಂಗ್ ಮಾಡುವ ಕೆಲಸವೆಂದು ನಂಬಿ, ನಾನು ಸಾವಿರದೈನೂರು ರೂಪಾಯಿ ನೋಂದಣಿ ಶುಲ್ಕ ಕಳುಹಿಸುವುದರಲ್ಲಿದ್ದೆ. ತಮ್ಮ ಅಮ್ಮನ ಆಧಾರ್ ಪ್ರತಿಗಾಗಿ ಹಿಂದೆ ನಿಂತಿದ್ದ ಅವರು ನನ್ನ ಮೊಬೈಲಿಗೆ ಅಡ್ಡ ಕೈಯಿಟ್ಟು, "ಎಂತ ತಂಗಿ ಇದು? ಬೀಡಿ ಕಟ್ಟುವವರಿಗೆ ಎಲೆ, ಹೊಗೆಸೊಪ್ಪು ಬೀಡಿ ಕಂಪೆನಿಯ ಬ್ರಾಂಚಿನವರೇ ಕೊಡುದು. ಕೆಲಸಕ್ಕೆ ಸೇರ್ಲಿಕ್ಕೆ ಹಣ ತಾ ಅಂತ ಯಾವತ್ತಾದ್ರೂ ಕೇಳಿದ್ದುಂಟಾ?" ಎಂದರು. ಅವರ ಪರೀಕ್ಷೆ ಇಷ್ಟೇ. ಊರಿನಲ್ಲಿ ಯಾರಿಗೆ ಇಂಥ ಜಾಹೀರಾತು ಬಂದರೂ ಅದರಲ್ಲಿರುವ ನಂಬರಿಗೆ ಅವರೇ ಫೋನ್ ಮಾಡುತ್ತಾರೆ. ಆಫೀಸು ನಿಜಕ್ಕೂ ಇದೆಯೇ ಎಂದು ತಿಳಿಯಲು, ಅದು ಯಾವ ಬೀದಿಯಲ್ಲಿ, ಎದುರಿಗೆ ಯಾವ ಹೋಟೆಲು, ಅಲ್ಲಿ ಬನ್ಸ್ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಒಬ್ಬನಂತೂ ತಡೆಯಲಾರದೆ, "ಮೇಡಂ, ನಿಮಗೆ ಕೆಲಸ ಬೇಕಾ, ತಿಂಡಿ ಬೇಕಾ?" ಎಂದು ರೇಗಿದ. "ಕೆಲಸವೇ ಮಾರಾಯ್ರೆ. ನಿಮ್ಮ ಶುಲ್ಕ ಮೊದಲ ಸಂಬಳದಲ್ಲಿ ಹಿಡ್ಕೊಳ್ಳಿ" ಎಂದದ್ದೇ ತಡ, ಅವನು ಫೋನ್ ಇಟ್ಟ. ಮಾತಿನ ನಡುವೆ ಒಳಗಿನಿಂದ ಅಮ್ಮ ಕರೆದರೆ ಎದ್ದು ಹೋಗಿ, ಅವರನ್ನು ಮಗ್ಗುಲು ತಿರುಗಿಸಿ ಮಲಗಿಸಿ ಬರುತ್ತಾರೆ. ಅಮ್ಮ ಹಾಸಿಗೆ ಹಿಡಿದು ಆರು ವರ್ಷ; ಅಕ್ಕ ಹೊರಗೆ ದುಡಿಯಲು ಹೋಗುವಂತಿಲ್ಲ. ಮೊದಲ ವರ್ಷ ಅಕ್ಕನೂ ಹೀಗೇ ಒಬ್ಬನಿಗೆ ಶುಲ್ಕ ಕಳುಹಿಸಿ ಮೋಸಹೋಗಿದ್ದರು. ಆ ಹಣ ಅಮ್ಮ ಬೀಡಿ ಕಟ್ಟಿ ಪಡೆದ ಕೊನೆಯ ಬೋನಸ್. ಅದೆಲ್ಲಿ ಎಂದು ಅಮ್ಮ ಕೇಳಿದಾಗಲೆಲ್ಲ ಅಕ್ಕ "ಬ್ಯಾಂಕಲ್ಲಿ ಉಂಟಮ್ಮ" ಎನ್ನುತ್ತಾರೆ. ಈಗ ಕುಮುದಿನಿ ಅಕ್ಕ ಮೈಸೂರಿನ ಪ್ರಕಾಶಕರೊಬ್ಬರಿಗೆ ಮನೆಯಿಂದಲೇ ಪುಸ್ತಕಗಳನ್ನು ಟೈಪ್ ಮಾಡಿಕೊಡುತ್ತಾರೆ. ಸಂಬಳ ಬಂದ ದಿನ ಅದರಲ್ಲಿ ಸ್ವಲ್ಪ ತೆಗೆದು ಅಮ್ಮನ ಖಾತೆಗೆ ಹಾಕುತ್ತಾರೆ.