ಜಾಜ್ ಮಾಸ್ತರು ಬಾರಿಸದ ಏಟು

ಮೊನ್ನೆ ನನ್ನ ಕೋಲಿನ ತಳದ ರಬ್ಬರ್ ಬುಶ್ ಸವದು ಹರದು ಹೋತು. ಬಾಗಲಕೋಟಿಯೊಳಗ ಹೊಸಾದು ಸಿಗೋತನಕ ಎರಡು ದಿನ ಬರೀ ಕಟಗಿ ಕೋಲು ಊರಿಕೊಂಡನ ಸಾಲಿಗೆ ಹೋದ್ನಿ. ನಾ ಕನ್ನಡ ಸಾಲಿ ಟೀಚರ್. ವರಾಂಡದ ಪರಸಿಗಲ್ಲಿನ ಮ್ಯಾಲ ಟಕ್, ಟಕ್ ಅಂತ ಸಪ್ಪಳ. ಕೇಳಕೋತ ನಡದಾಗ ನಮ್ಮ ಮನಿ ಪಡಸಾಲ್ಯಾಗ ಬಾಡಿಗಿ ಇದ್ದ ಜಾಜ್ ಮಾಸ್ತರು ನೆನಪಾದರು...

ಆಗ ನನಗ ಹತ್ತು ವರ್ಷ. ನಮ್ಮೂರು ಗುಡೂರಿಗೆ ನಾಟಕ ಕಂಪನಿ ಬಂದು ತಗಡಿನ ಥೇಟರ್ ಹಾಕಿತ್ತು. ಕಂಪನ್ಯಾಗ ಡ್ರಮ್ ಸೆಟ್ಟಿಗೆ ಜಾಜ್ ಅಂತಾರ. ಅದನ್ನ ಬಾರಸಾವರು ಇವರು. ಬಲಗಾಲಿಗೆ ಸಣ್ಣಂದಿರತ್ಲೇ ಪೋಲಿಯೋ, ಬಗಲಾಗ ಕೋಲು. ಪೆಡಲ್ ತುಳಿಯಾಕ ಎಡಗಾಲಷ್ಟ ಇತ್ತು, ಅದಕ್ಕ ಡ್ರಮ್ಮೆಲ್ಲಾ ಉಲ್ಟಾ ಜೋಡಿಸಿಕೊಂಡಿದ್ದರು. ನನಗೂ ಪೋಲಿಯೋನ. ಅವ್ವ ಅವರನ್ನ ನೋಡಿದಾಕಿನ, "ಬಾಡಿಗಿ ಮಾತು ಆಮ್ಯಾಲ ಆಡೂಣು, ಮೊದಲ ಊಟಾ ಮಾಡ್ರಿ ಅಣ್ಣಾರ" ಅಂದಿದ್ದಳು. ಅವತ್ತಿಂದ ನನಗ ಅವರು ಮಾಮಾ.

ಜಾಜ್ ಅಂದ್ರ ಏನಂತ ಒಮ್ಮೆ ಕೇಳಿದ್ನಿ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೋತ ಹೇಳಿದರು: ಅದು ದೂರದ ದೇಶದಾಗ, ಕಷ್ಟ ಉಂಡ ಮಂದಿ ಕಟ್ಟಿದ ಸಂಗೀತ ಅಂತ. ನಮ್ಮ ಕಡೆ ಬರೂದ್ರಾಗ ಬರೇ ಡ್ರಮ್ಮಿನ ಹೆಸರಾಗಿ ಉಳೀತಂತ. ಹುಬ್ಬಳ್ಳ್ಯಾಗ ಅವರ ಉಸ್ತಾದರ ಹತ್ರ ಆ ಸಂಗೀತದ ಒಂದು ಹಳೇ ಗ್ರಾಮಫೋನ್ ಪ್ಲೇಟ್ ಇತ್ತಂತ. ಅದರಾಗ ಡ್ರಮ್ ಬಾರಿಸಿದಾಂವ ಗೂನಬೆನ್ನಿನ ಗಿಡ್ಡ ಮನಷ್ಯಾ. "ಅಂವ ಬಾರಸಾಕ ಕುಂತನಂದ್ರ ದೊಡ್ಡ ದೊಡ್ಡ ಡ್ರಮ್ಮಿನವರು ಸೋತು ಎದ್ದು ಹೋಗತಿದ್ರಂತವಾ" ಅಂತ, ತಾವ ಬಾರಿಸಿ ಗೆದ್ದವರಂಗ ಮೀಸಿ ಮ್ಯಾಲ ಕೈಯಾಡಿಸಿದರು.

ಅವರ ನಾಟಕದಾಗ ಒಬ್ಬ ಕುಂಟನ ಪಾತ್ರ ಇತ್ತು. ಎರಡೂ ಕಾಲು ನೆಟ್ಟಗಿದ್ದ ಹಾಸ್ಯಗಾರ ಕುಂಟಕೋತ ಬರತಿದ್ದ. ಕೋಲು ಊರಿದರ ಟಕ್, ಕಾಲು ಎಳೆದರ ಧುಂ. ಆ ಟಕ್ ಧುಂ ಕೇಳಿ ಮಂದಿ ಹೊಟ್ಟಿ ಹಿಡಕೊಂಡು ನಗತಿದ್ದರು. ಬಾರಸಾವರು ಯಾರು? ಮಾಮಾನ! ಪರದೆ ಮರಿಗೆ ಕುಂತಿರತಿದ್ದರು, ಅವರ ಕಾಲು ಯಾರಿಗೂ ಕಾಣತಿರಲಿಲ್ಲ.

ವಾರದೊಳಗ ಆ ಸಪ್ಪಳ ನಮ್ಮ ಸಾಲಿಗೂ ಬಂತು. ನಾ ಕೋಲು ಊರಿದರ ಒಬ್ಬ ಟಕ್ ಅನ್ನಾಂವ, ಉಳಿದವರೆಲ್ಲಾ ಕೂಡಿ ಧುಂ! ನೀರು ಕುಡಿಯಾಕ ಎದ್ದರೂ ಟಕ್ ಧುಂ. ನಾ ಸಾಲಿ ಬಿಟ್ನಿ. ಹದಿನೈದು ದಿನ ಆದಮ್ಯಾಲ ಅಪ್ಪ, "ಸೋಮವಾರ ಹೋಗಲಿಲ್ಲಂದ್ರ ಹೆಸರು ತಗಸ್ತೇನಿ. ಮನ್ಯಾಗ ಬತ್ತಿ ಹೊಸಕೋತ ಕುಂದರ್ಲಿ" ಅಂದ. ಅವ್ವ ಒಲಿ ಮುಂದ ಕುಂತು ಕಣ್ಣೀರು ಹಾಕಿದಳು. ನಾ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮಾಮಾ ಕಟ್ಟಿ ಮ್ಯಾಲ ಕುಂದರಿಸಿಕೊಂಡು, ಯಾಕವಾ ಸಾಲಿ ಒಲ್ಲಿ ಅಂತ ಕೇಳಿದರು. ನನ್ನ ಕಾಲು ಸೋತಿದ್ದರೂ ಬಾಯಿ ಎಂದೂ ಸೋತಿದ್ದಿಲ್ಲ.

"ನಿಮ್ಮಿಂದನ! ನಾ ನಡದರ ಸಾಲ್ಯಾಗ ಎಲ್ಲಾರೂ ನಿಮ್ಮ ಟಕ್ ಧುಂ ಅಂತಾರ. ನಿಮ್ಮ ಕಾಲೂ ಹಿಂಗ ಐತಲ್ಲ, ನಿಮಗ ನಾಚಿಕಿ ಬರಂಗಿಲ್ಲೇನು?"

ಅವ್ವ ಒಳಗಿಂದ ಓಡಿ ಬಂದು ನನ್ನ ಬಾಯಿ ಮುಚ್ಚಿದಳು. ಮಾಮಾ ತಮ್ಮ ಬಲಗಾಲು ತಿಕ್ಕಿಕೊಂಡರು. "ಹೊಟ್ಟಿಪಾಡವಾ... ಬಾರಸು ಅಂದ್ರು, ಬಾರಿಸಿದ್ನಿ. ಯಾರಿಗೆ ಬಡೀತೈತಿ ಅಂತ ನೋಡಲಿಲ್ಲ" ಅಂದರು. ಆಮ್ಯಾಲ ಅಪ್ಪನ ಕಡೆ ಹೋಗಿ, ರವಿವಾರ ಮಧ್ಯಾಹ್ನದ ಆಟಕ್ಕ ಇಕೀನ್ನ ಕರಕೊಂಡು ಬರ್ರಿ ಅಂತ ಕೈ ಮುಗದು ಕೇಳಿಕೊಂಡರು.

ಹೋದ್ನಿ. ನಮ್ಮ ಸಾಲಿ ಹುಡುಗರೆಲ್ಲಾ ಮುಂದ ನೆಲದ ಮ್ಯಾಲ ಕುಂತಿದ್ದರು. ಹಾಸ್ಯಗಾರ ಬಂದ. ಕೋಲು ಊರಿದ. ಸಪ್ಪಳಿಲ್ಲ. ಕಾಲು ಎಳೆದ. ಸಪ್ಪಳಿಲ್ಲ. ಪರದೆ ಕಡೆ ಕಣ್ಣು ಹೊಡೆದ, ಕೆಮ್ಮಿದ, ಮತ್ತೊಮ್ಮೆ ಕುಂಟಿದ. ಜಾಜ್ ಸುಮ್ಮನಿತ್ತು. ಇಷ್ಟು ದಿನ ಬಿದ್ದು ಬಿದ್ದು ನಕ್ಕ ಮಂದಿ ಪಿಳಿ ಪಿಳಿ ನೋಡಿದರು. ಆ ಸಪ್ಪಳ ತೆಗೆದ ಮ್ಯಾಲ ಅಲ್ಲಿ ನಗೂವಂಥಾದ್ದು ಏನೂ ಇರಲಿಲ್ಲ. ನಡಿಯಾಕ ತ್ರಾಸ ಪಡೂ ಒಬ್ಬ ಮನಷ್ಯಾ ಈ ಕಡಿಂದ ಆ ಕಡೆ ಹೋದ, ಅಷ್ಟ.

ಆಟ ಮುಗಿದ ಮ್ಯಾಲ ಮಾಲಕ ಪರದೆ ಹಿಂದ ಕೂಗಾಡಿದ್ದು ಹೊರಗಿನ ತನಕ ಕೇಳತಿತ್ತು. ಕೆಲಸಾ ಹೋತು, ಮರುದಿನ ಮುಂಜಾನಿ ಮಾಮಾ ಗಂಟು ಕಟ್ಟಿದರು. ನನ್ನಿಂದ ಹಿಂಗಾತಲ್ಲ ಅಂತ ನಾ ಕಣಜದ ಹಿಂದ ಅಡಗಿ ಕುಂತ್ನಿ, ಕರದರೂ ಹೊರಗ ಬರಲಿಲ್ಲ. ಅವರು ಬಾಗಿಲಾಗ ನಿಂತು, "ಇವತ್ತು ಸೋಮವಾರ ಐತಿ, ಸಾಲಿಗೆ ಹೊತ್ತಾಕ್ಕೈತಿ ನೋಡವಾ" ಅಂತಷ್ಟ ಅಂದರು.

ಸಾಲಿಗೆ ಹೋದ್ನಿ. ಒಬ್ಬ ಹುಡುಗ ಟಕ್ ಅಂದ. ಧುಂ ಅನ್ನಾಕ ಯಾರೂ ಕೂಡಲಿಲ್ಲ. ಅವನೂ ಸುಮ್ಮನಾದ.

ಮುಂದ ಭಾಳ ವರ್ಷದ ಮ್ಯಾಲ, ಕುಳಗೇರಿ ಕ್ರಾಸಿನ್ಯಾಗ ಬಸ್ಸಿಗೆ ನಿಂತಾಗ, ಅದ ಕಂಪನಿಯ ಹಳೇ ನಟಿಯೊಬ್ಬಾಕಿ ಭೆಟ್ಟಿಯಾದಳು. ಹೇಳಿದಲ್ಲಿ ಬಾರಸಂಗಿಲ್ಲ ಅಂತ ಹೆಸರು ಬಂದು, ಮಾಮಾಗ ಆಮ್ಯಾಲ ಯಾವ ಕಂಪನಿನೂ ಕರೀಲಿಲ್ಲಂತ. ಸೈಕಲ್ ಪಂಕ್ಚರ್ ತಿದ್ದಕೋತ ಇದ್ದು ತೀರಿಕೊಂಡರಂತ. ಅಲ್ಲೇ ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಮುಂದನ ಅತ್ನಿ. ಕಣಜದ ಹಿಂದಿಂದ ಎದ್ದು ಬಂದು ಒಂದು ಮಾತು ಹೇಳಬೇಕಿತ್ತು...

ನಿನ್ನೆ ಹೊಸಾ ಬುಶ್ ಸಿಕ್ಕಿತು. ಇವತ್ತೂ ಹಾಕಿಲ್ಲ, ಬ್ಯಾಗಿನ್ಯಾಗ ಐತಿ. ಮುಂಜಾನಿ ವರಾಂಡದಾಗ ಮಕ್ಕಳ ನಡುವ ಹೊಂಟಿದ್ನಿ. ಟಕ್ ಅಂತು. ಈ ವಯಸ್ಸಿನ್ಯಾಗೂ ಅದರ ಹಿಂದ ಧುಂ ಬರತೈತೇನೋ ಅಂತ ನನ್ನ ಕಿವಿ ಒಂದು ಗಳಿಗಿ ಕಾಯತೈತಿ. ಬರಲಿಲ್ಲ. ಮಾಮಾ ನನಗಂತ ಬಿಟ್ಟು ಹೋಗಿದ್ದು ತಾವು ಬಾರಿಸದ ಆ ಏಟನ್ನ.