ಬಸ್‌ಸ್ಟ್ಯಾಂಡಿನಲ್ಲಿ ಬಂದ ಉತ್ತರ

ಯಾರು ಏನು ಕೇಳಿದರೂ ಅದು ನನ್ನೊಳಗೆ ಇಳಿದು ಮಾತಾಗಿ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಮನಸ್ಸು ಬೇರೆಲ್ಲೋ ಹೋಗಿರುತ್ತಿತ್ತು. ಊರವರು ನನ್ನನ್ನು ಮಂಕು ಎನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಎಂಟನೇ ಕ್ಲಾಸಿನಲ್ಲಿ ಫೇಲಾದಾಗ, ಶಾಲೆ ಬಿಡಿಸಲೆಂದು ಅಪ್ಪ ಬೇಲೂರಿನ ನನ್ನ ಶಾಲೆಗೆ ಕರೆದುಕೊಂಡು ಹೋದರು.

ಹೆಡ್‌ಮಾಸ್ಟರು ನನ್ನನ್ನೇ ಕೇಳಿದರು, "ಓದೋಕೆ ಇಷ್ಟ ಇದೆಯೇನಮ್ಮ?"

ನಾನು ಅವರ ಮೇಜಿನ ಮೇಲಿದ್ದ ಗ್ಲೋಬನ್ನು ನೋಡುತ್ತಾ ನಿಂತಿದ್ದೆ. ಸ್ವಲ್ಪ ಕಾದು ಅವರು ಟಿ.ಸಿ.ಗೆ ಸಹಿ ಹಾಕಿದರು.

ಊರಿಗೆ ಮರಳಲು ಹಗರೆ ಬಸ್ಸಿಗೆ ಕಾಯುವಾಗ ನನಗೆ ಮಾತು ಬಂತು. "ಅಪ್ಪ, ನಾನು ಓದ್ತೀನಿ."

"ಅಲ್ಲೇ ಯಾಕವ್ವ ಹೇಳ್ಲಿಲ್ಲ?" ಎಂದ ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯ ಕಡೆಗೊಮ್ಮೆ ತಿರುಗಿ ನೋಡಿದರು. ಅಷ್ಟರಲ್ಲಿ ಬಸ್ಸು ಬಂತು. ಕೈ ಹಿಡಿದು ಹತ್ತಿಸಿದರು.

ಶಾಲೆಯ ಮಾತನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ.