ನೆಲ ತಟ್ಟಿ ನೋಡುವ ಡಿಸ್ಕಣ್ಣ

ನಮ್ಮ ಬಾನುಲಿ ಕಚೇರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಡಿಸ್ಕಣ್ಣ ನೆಂಟರ ಮನೆಗೆ ಹೋದರೂ ಮೊದಲು ಕಾಲಿನಿಂದ ನೆಲ ತಟ್ಟಿ ನೋಡಿಯೇ ಕೂರುವ ಆಸಾಮಿ. ಹಳೆಯ ಧ್ವನಿಮುದ್ರಣ ಹುಡುಕಿಕೊಡುವ ಕಮಾಂಡ್, ಅಂದರೆ ಒಂದು ಪುಟ್ಟ ಪ್ರೋಗ್ರಾಮು, ಓಡಿಸಿದ ಕೂಡಲೇ ಮುಗ್ಗರಿಸಿ ಬೀಳತೊಡಗಿದಾಗ, ನಾವೆಲ್ಲ ಅದಕ್ಕೆ ಹಿಡಿಶಾಪ ಹಾಕಿ, ಅಳಿಸಿ, ಮತ್ತೆ ಮತ್ತೆ ಹಾಕಿ ಸುಸ್ತಾದೆವು. ಅವನು ಮಾತ್ರ ಚಹಾ ಹೀರುತ್ತ, "ಪಾಪ, ಅದೇನ್ ಮಾಡುತ್ತೆ? ಕಾಲ ಕೆಳಗಿನ ನೆಲಾನೇ ಕುಸಿದಿದೆ" ಎಂದು ಮುದ್ರಣಗಳೆಲ್ಲ ಇದ್ದ ಡಿಸ್ಕ್ ಪರೀಕ್ಷಿಸಿದ. ಯಾವ ಫೈಲು ಎಲ್ಲಿದೆ ಎಂದು ಡಿಸ್ಕಿಗೇ ಮರೆತುಹೋಗಿತ್ತು. ರಿಪೇರಿ ಮಾಡಿದ ಮೇಲೆ ಮುದ್ರಣಗಳೆಲ್ಲ ಮರಳಿದವು, ಆದರೆ ಹೆಸರು ಕಳೆದುಕೊಂಡು, ಬರೀ ನಂಬರುಗಳಾಗಿ. "ಸಿಕ್ಕಿತಲ್ಲ, ಸಾಕು ಬಿಡಪ್ಪ" ಎಂದರು ಮ್ಯಾನೇಜರು. "ಹೆಸರಿಲ್ದೆ ಯಾರನ್ನೂ ಒಳಗೆ ಬಿಡಲ್ಲ ಸಾರ್" ಎಂದವನೇ ಹೆಡ್‌ಫೋನ್ ಏರಿಸಿ, ಒಂದೊಂದನ್ನೂ ಕೇಳಿ ಹೆಸರಿಟ್ಟ. ಕೊನೆಯದು ಬಂದಾಗ ಹೆಡ್‌ಫೋನ್ ಕಿತ್ತು ಸ್ಪೀಕರ್ ಹಾಕಿದ. ಹೋದ ವರ್ಷ ತೀರಿಕೊಂಡ ನಮ್ಮ ವಾರ್ತೆ ಓದುವ ಅಕ್ಕ ಹವಾಮಾನ ಓದುತ್ತ ಓದುತ್ತ ನಗು ತಡೆಯಲಾರದೆ ಕಿಲಕಿಲ ನಗುತ್ತಿದ್ದರು. ಆ ಮುದ್ರಣಕ್ಕೆ ಅಕ್ಕನ ಹೆಸರಿಟ್ಟು, ಅದೇ ಕಮಾಂಡಿಗೆ ಹುಡುಕಲು ಹೇಳಿದ. ಅದು ಎಲ್ಲೂ ಎಡವದೆ ನೆಟ್ಟಗೆ ಹೋಗಿ ಅಕ್ಕನನ್ನು ಕರೆತಂದಿತು. ಡಿಸ್ಕಣ್ಣ ಮೇಜು ಗುದ್ದಿ ಎದ್ದು ನಿಂತ: "ನೋಡಿದ್ರಾ, ಹೆಂಗೆ ನಡೀತು!"